ಗಾಜಿನ ತೊಟ್ಟಿಯ ಹೆಪ್ಪು

ನಮ್ಮ ಪತ್ರಿಕೆಗೆ ಚರಿತ್ರೆಯ ಲೇಖನ ಬರೆಯುವವರು ಸಾಮಾನ್ಯವಾಗಿ ಹಂಪಿಯನ್ನೋ ಹಳೇಬೀಡನ್ನೋ ಆರಿಸಿಕೊಳ್ಳುತ್ತಾರೆ. "ಈ ಸಲ ನೀವೂ ಏನಾದರೂ ಕೊಡಬೇಕು" ಎಂದು ಸಂಪಾದಕರು ಪಟ್ಟು ಹಿಡಿದಾಗ ನಾನು ಹಿಂಜರಿದೆ. ನಾನು ಇತಿಹಾಸದ ವಿದ್ಯಾರ್ಥಿಯಲ್ಲ. ನನಗೆ ಅಷ್ಟಿಷ್ಟು ಗೊತ್ತಿರುವುದು ಒಂದೇ ಚರಿತ್ರೆ, ಅದು ಮನೆಯಲ್ಲಿ ಮೀನು ಸಾಕುವ ಗಾಜಿನ ತೊಟ್ಟಿಯದು. ಅದನ್ನು ಕಲಿತದ್ದೂ ಹವ್ಯಾಸದಿಂದಲ್ಲ, ಪಶ್ಚಾತ್ತಾಪದಿಂದ. ಆ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಗಳ ಹಟಕ್ಕೆ ಮಣಿದು ಲಂಡನ್ನಿನ ನಮ್ಮ ಮನೆಗೆ ಅರವತ್ತು ಲೀಟರಿನ ತೊಟ್ಟಿಯೊಂದನ್ನು ತಂದೆವು. ತಳಕ್ಕೆ ಸಣ್ಣ ಜಲ್ಲಿ, ಒಂದಿಷ್ಟು ನೀರುಗಿಡ, ಎಂಟು ಪುಟ್ಟ ಮೀನು. ಏಳೆಂಟು ತಿಂಗಳು ಎಲ್ಲವೂ ಚೆನ್ನಾಗಿತ್ತು. ದೀಪಾವಳಿ ಹತ್ತಿರ ಬಂತು. ಹಬ್ಬಕ್ಕೆ ಮನೆ ತೊಳೆಯುವುದು ನಮ್ಮಲ್ಲಿ ಪದ್ಧತಿಯಲ್ಲವೇ? ನನ್ನ ಶ್ರೀಮತಿ ಅಡುಗೆಮನೆಯನ್ನು ವಹಿಸಿಕೊಂಡಳು, ನಾನು ತೊಟ್ಟಿಯನ್ನು. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು ನೀರನ್ನೆಲ್ಲ ಚೆಲ್ಲಿದೆ. ಜಲ್ಲಿಯನ್ನು ಕುದಿಯುವ ನೀರಿನಲ್ಲಿ ತೊಳೆದೆ. ನೀರು ಸೋಸುವ ಯಂತ್ರದ ಕಂದು ಬಣ್ಣದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಬೆಳ್ಳಗಾಗುವವರೆಗೆ ಹಿಂಡಿದೆ. ಹೊಸ ನೀರು ತುಂಬಿ, ಕ್ಲೋರಿನ್ ಹೋಗಲಾಡಿಸುವ ಔಷಧಿಯನ್ನೂ ಮರೆಯದೆ ಹಾಕಿದೆ. ತೊಟ್ಟಿ ಕನ್ನಡಿಯಂತೆ ಹೊಳೆಯಿತು.

ಮೂರನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಐದನೆಯ ದಿನದ ಹೊತ್ತಿಗೆ ಎಂಟರಲ್ಲಿ ಆರು ಸತ್ತಿದ್ದವು. "ಅಪ್ಪಾ, ನೀನು ಅಷ್ಟು ಚೆನ್ನಾಗಿ ತೊಳೆದೆಯಲ್ಲ, ಆದರೂ ಯಾಕೆ ಸತ್ತವು?" ಎಂದು ಮಗಳು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತ ಹೋದಾಗ ತಿಳಿದದ್ದೇನೆಂದರೆ, ಇದೇ ಪ್ರಶ್ನೆಯ ಮೊದಲರ್ಧಕ್ಕೆ ಒಬ್ಬ ತಂದೆಯೂ ಉಳಿದರ್ಧಕ್ಕೆ ಆತನ ಮಗನೂ ಉತ್ತರ ಹುಡುಕಿದ್ದರು. ಅವರಿಬ್ಬರ ನಂಟು ಇದೇ ಲಂಡನ್ ನಗರದ ಒಂದೇ ಕಟ್ಟಡಕ್ಕೆ.

ಒಂದು ಸೀಸೆಯ ಕಥೆ

ತಂದೆಯ ಕಥೆಗೆ ಮುಂಚೆ ಒಬ್ಬ ವೈದ್ಯನ ವಿಷಯ ಹೇಳಬೇಕು. ನಥಾನಿಯಲ್ ವಾರ್ಡ್ ಎಂಬಾತ ಪೂರ್ವ ಲಂಡನ್ನಿನಲ್ಲಿ ವೈದ್ಯವೃತ್ತಿ ಮಾಡಿಕೊಂಡಿದ್ದ. ಗಿಡಗಳೆಂದರೆ ಆತನಿಗೆ ಪ್ರಾಣ. ಆದರೆ ಅಂದಿನ ಲಂಡನ್ನಿನ ಕಲ್ಲಿದ್ದಲ ಹೊಗೆಯಲ್ಲಿ, ಮನೆಯಂಗಳದಲ್ಲಿ ನೆಟ್ಟ ಜರೀಗಿಡಗಳೆಲ್ಲ ಸೊರಗಿ ಸಾಯುತ್ತಿದ್ದವು. 1829ರಲ್ಲಿ ಆತ ಒಂದು ಪತಂಗದ ಕೋಶವನ್ನು ಹಸಿ ಮಣ್ಣಿನೊಡನೆ ಸೀಸೆಯೊಳಗಿಟ್ಟು ಮುಚ್ಚಳ ಹಾಕಿದ. ಪತಂಗ ಹೊರಬರುವ ಮೊದಲೇ ಆ ಮಣ್ಣಿನಲ್ಲಿ ಒಂದು ಪುಟ್ಟ ಜರೀಗಿಡವೂ ಒಂದೆಳೆ ಹುಲ್ಲೂ ಮೊಳೆತವು. ಯಾರೂ ನೀರೆರೆಯದೆ ಅವು ಸುಮಾರು ನಾಲ್ಕು ವರ್ಷ ಬದುಕಿದವು. ಹಗಲು ಆವಿಯಾದ ನೀರು ಗಾಜಿಗಂಟಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು.

ಇದರಿಂದ ಹುಟ್ಟಿದ್ದೇ 'ವಾರ್ಡ್ ಪೆಟ್ಟಿಗೆ'. 1833ರಲ್ಲಿ ಇಂಥ ಎರಡು ಪೆಟ್ಟಿಗೆಗಳು ಹಡಗಿನ ಮೇಲೆ ಸಿಡ್ನಿಯವರೆಗೂ ಹೋದವು, ಒಳಗಿನ ಗಿಡಗಳು ಜೀವಂತವಾಗಿ ತಲುಪಿದವು. ಚೀನಾದಿಂದ ಚಹಾ ಗಿಡಗಳು ಹಿಮಾಲಯದ ತಪ್ಪಲಿನ ತೋಟಗಳಿಗೆ ಬಂದದ್ದೂ ಇಂಥ ಪೆಟ್ಟಿಗೆಗಳಲ್ಲೇ. ನಮ್ಮ ಬೆಳಗಿನ ಚಹಾಕ್ಕೂ ಆ ಸೀಸೆಗೂ ಇಷ್ಟು ಹತ್ತಿರದ ಸಂಬಂಧ!

ಗಿಡಕ್ಕೆ ಸಾಧ್ಯವಾದದ್ದು ಮೀನಿಗೆ ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಮೇಣದಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನ ಗಿಡ ಸರಿಪಡಿಸುತ್ತದೆ ಎಂದು ಜೋಸೆಫ್ ಪ್ರೀಸ್ಟ್ಲಿ 1771ರಲ್ಲೇ ಕಂಡಿದ್ದ. ಅದಕ್ಕೆ ಬೆಳಕು ಬೇಕೇ ಬೇಕು ಎಂದು ಯಾನ್ ಇಂಗೆನ್‌ಹೌಸ್ 1779ರಲ್ಲಿ ತೋರಿಸಿದ್ದ. ಮೀನು ಬಿಟ್ಟ ಉಸಿರು ಗಿಡಕ್ಕೆ, ಗಿಡ ಬಿಟ್ಟ ಆಮ್ಲಜನಕ ಮೀನಿಗೆ. ಲೆಕ್ಕ ಬಲು ಸುಲಭವಾಗಿ ಕಂಡಿತು.

ಎರಡು ಮೀನು, ಒಂದು ಗಿಡ, ಐದಾರು ಬಸವನಹುಳು

ಥೇಮ್ಸ್ ನದಿಗೆ ಹತ್ತಿರದಲ್ಲಿ, ಬ್ಲ್ಯಾಕ್‌ಫ್ರೈಯರ್ಸ್ ರೈಲು ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ, ಅಪಾಥಿಕರೀಸ್ ಹಾಲ್ ಎಂಬ ಹಳೆಯ ಕಟ್ಟಡ ಇಂದಿಗೂ ಇದೆ. ಔಷಧಿ ತಯಾರಕರ ಸಂಘದ ಮನೆ ಅದು. ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞ ಅಲ್ಲಿಯ ಔಷಧಿ ತಯಾರಿಕೆಯ ಮೇಲ್ವಿಚಾರಕನಾಗಿದ್ದ. 1841ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯನ್ನು ಕಟ್ಟಿದವರಲ್ಲಿ ಆತನೂ ಒಬ್ಬ.

1849ರಲ್ಲಿ ಆತ ಸುಮಾರು ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯೊಂದನ್ನು ತೆಗೆದುಕೊಂಡ. ತಳಕ್ಕೆ ಮರಳು, ಕೆಸರು, ಒಂದಿಷ್ಟು ಕಲ್ಲು ಹಾಕಿ ಅರ್ಧದವರೆಗೆ ಊಟೆಯ ನೀರು ತುಂಬಿದ. ಮೇಲಿನಿಂದ ಲಂಡನ್ನಿನ ಮಸಿ ಬೀಳದಂತೆ, ಆದರೆ ಗಾಳಿಯಾಡುವಂತೆ, ತೆಳುವಾದ ಮಸ್ಲಿನ್ ಬಟ್ಟೆ ಕಟ್ಟಿದ. ಒಳಗೆ ಎರಡು ಸಣ್ಣ ಗೋಲ್ಡ್ ಫಿಷ್, ಒಂದು ವ್ಯಾಲಿಸ್ನೇರಿಯ ಗಿಡ. ರಿಬ್ಬನ್ನಿನಂಥ ಉದ್ದ ಎಲೆಯ ಈ ಜಾತಿಯ ಗಿಡಗಳು ನಮ್ಮ ಕಡೆಯ ಕೆರೆ ಕಾಲುವೆಗಳಲ್ಲೂ ಬೆಳೆಯುತ್ತವೆ. ಇದರ ಹೆಣ್ಣು ಹೂವು ಸ್ಪ್ರಿಂಗಿನಂಥ ತೊಟ್ಟಿನ ಮೇಲೆ ನೀರಿನ ಮಟ್ಟಕ್ಕೆ ಬಂದು, ಫಲಿಸಿದ ಮೇಲೆ ಸುರುಳಿ ಸುತ್ತಿಕೊಂಡು ಮತ್ತೆ ಕೆಳಗೆ ಇಳಿಯುತ್ತದೆ.

ಮೊದಲು ಎಲ್ಲವೂ ಸರಿಯಾಗಿತ್ತು. ಕ್ರಮೇಣ ಗಿಡದ ಹಳೆಯ ಎಲೆಗಳು ಕೊಳೆತವು. ನೀರು ಕದಡಿತು, ಗಾಜಿನ ಮೇಲೆ ಹಸಿರು ಪಾಚಿ ಹಬ್ಬಿತು. ನನ್ನಂಥವನಾಗಿದ್ದರೆ ಪಾತ್ರೆಯನ್ನು ಬರಿದುಮಾಡಿ ಉಜ್ಜಿ ತೊಳೆಯುತ್ತಿದ್ದ. ವಾರಿಂಗ್‌ಟನ್ ಹಾಗೆ ಮಾಡಲಿಲ್ಲ. ಕೆರೆ ಕುಂಟೆಗಳಲ್ಲಿ ಈ ಕೊಳೆತದ್ದನ್ನು ಯಾರು ತೆಗೆಯುತ್ತಾರೆ ಎಂದು ಯೋಚಿಸಿದ. ಐದಾರು ನೀರು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನೂ ಪಾಚಿಯನ್ನೂ ತಿಂದು ಕೆಲವೇ ದಿನಗಳಲ್ಲಿ ನೀರನ್ನು ತಿಳಿಯಾಗಿಸಿದವು. ಅವು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವಾದವು. 1850ರ ಮಾರ್ಚಿಯಲ್ಲಿ ಆತ ಇದನ್ನು ಕೆಮಿಕಲ್ ಸೊಸೈಟಿಯ ಮುಂದೆ ವರದಿ ಮಾಡಿದ.

ನೀರಿನ ಜೀವಿಗಳನ್ನು ಗಾಜಿನೊಳಗಿಟ್ಟು ನೋಡಿದವರಲ್ಲಿ ಆತನೇ ಮೊದಲಿಗನಲ್ಲ. ಫ್ರಾನ್ಸಿನ ಹಳ್ಳಿಯಲ್ಲಿ ಹುಟ್ಟಿ, ಬಟ್ಟೆ ಹೊಲಿಯುತ್ತಿದ್ದು, ಮುಂದೆ ಸಿಸಿಲಿಗೆ ಹೋಗಿ ನೆಲೆಸಿದ ಜಾನ್ ವಿಲ್‌ಪ್ರ್ಯೂ ಪವರ್ ಎಂಬ ಮಹಿಳೆ 1832ರ ಸುಮಾರಿಗೇ ಸಮುದ್ರಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಅಭ್ಯಾಸ ಮಾಡಿದ್ದಳು. ಆದರೆ ತೊಟ್ಟಿ ಹೇಗೆ ಚೊಕ್ಕಟವಾಗಿರುತ್ತದೆ, ಚೊಕ್ಕಟ ಮಾಡುವವರು ಯಾರು ಎಂಬ ಪ್ರಶ್ನೆಯನ್ನು ಗಿಡ, ಮೀನು, ಹುಳು ಮೂರನ್ನೂ ಒಟ್ಟಿಗಿಟ್ಟು ಬಿಡಿಸಲು ಹೊರಟ ಕೀರ್ತಿ ವಾರಿಂಗ್‌ಟನ್‌ನದು.

ಹುಚ್ಚು ಹಿಡಿದ ಹತ್ತು ವರ್ಷ

ಇಂಗ್ಲೆಂಡಿನಲ್ಲಿ ಗಾಜಿನ ಮೇಲಿದ್ದ ತೆರಿಗೆ 1845ರಲ್ಲಿ ರದ್ದಾಗಿತ್ತು. ಗಾಜು ಅಗ್ಗವಾಯಿತು. 1853ರಲ್ಲಿ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ 'ಮೀನುಮನೆ' ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಹೆಸರು ಮನೆಮಾತಾಯಿತು. ಅನುಕೂಲಸ್ಥರ ದಿವಾನಖಾನೆಯಲ್ಲೆಲ್ಲ ಗಾಜಿನ ತೊಟ್ಟಿಗಳು ಬಂದು ಕೂತವು. ಸಮುದ್ರ ತೀರದ ಬಂಡೆಗಳ ನಡುವಿನ ಹೊಂಡಗಳನ್ನು ಜನ ಬರಿದುಮಾಡಿದರೆಂದು ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನೊಂದು ಬರೆದಿದ್ದಾನೆ.

ಆದರೆ 1860ರ ದಶಕ ಮುಗಿಯುವ ಮೊದಲೇ ಈ ಹುಚ್ಚು ಇಳಿಯಿತು. ಇದಕ್ಕೆ ಒಂದು ಮುಖ್ಯ ಕಾರಣ ನಮಗೆ ಪಾಠವಾಗುವಂಥದು. 'ಗಿಡವೂ ಮೀನೂ ಸಮತೋಲದಲ್ಲಿದ್ದರೆ ನೀರು ಬದಲಾಯಿಸುವುದೇ ಬೇಡ' ಎಂಬ ಮಾತನ್ನಷ್ಟೇ ಜನ ಹಿಡಿದುಕೊಂಡರು. ವಾರಿಂಗ್‌ಟನ್ ಅಷ್ಟು ದೊಡ್ಡ ಪಾತ್ರೆಗೆ ಬಿಟ್ಟದ್ದು ಎರಡೇ ಸಣ್ಣ ಮೀನು ಎಂಬುದನ್ನು ಮರೆತರು. ಚಿಕ್ಕ ತೊಟ್ಟಿಗೆ ಹತ್ತಿಪ್ಪತ್ತು ಮೀನು ತುಂಬಿ ಕಿಟಕಿಯ ಬಿಸಿಲಿಗಿಟ್ಟರು. ನೀರು ಕಾದು, ಹಸಿರಾಗಿ, ನಾತ ಬಂತು. ನಾತ ಬಂದ ತೊಟ್ಟಿ ಅಟ್ಟ ಸೇರಿತು.

ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿದ್ದು, ಬಳಿಕ ಮೀನಿನ ತೊಟ್ಟಿಗಳ ವ್ಯಾಪಾರಿಯಾದ ವಿಲಿಯಂ ಆಲ್‌ಫರ್ಡ್ ಲಾಯ್ಡ್ ಇದಕ್ಕೆ ಒಂದು ಪರಿಹಾರ ಕಂಡುಕೊಂಡ. 1864ರಲ್ಲಿ ಹ್ಯಾಂಬರ್ಗಿನಲ್ಲೂ 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲೂ ತೆರೆದ ಮತ್ಸ್ಯಾಲಯಗಳಲ್ಲಿ, ಪ್ರದರ್ಶನದ ತೊಟ್ಟಿಗಳ ನೀರು ಕತ್ತಲೆಯ ದೊಡ್ಡ ಹೌದಿಗೆ ಹೋಗಿ ಮತ್ತೆ ಮೇಲಕ್ಕೆ ಬರುವ ಏರ್ಪಾಟು ಮಾಡಿದ. ನೀರು ಓಡಾಡುತ್ತಿದ್ದರೆ ಕೆಡುವುದಿಲ್ಲ ಎಂಬುದು ಆತನ ಅನುಭವ. ಕತ್ತಲೆಯಲ್ಲಿ, ಕಲ್ಲಿನ ಮೇಲೆ, ಕಣ್ಣಿಗೆ ಕಾಣದ ಯಾರೋ ಕೆಲಸ ಮಾಡುತ್ತಿದ್ದಾರೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಮಗ ಕಂಡದ್ದು

ಈಗ ಮಗನ ಕಥೆ. ತಂದೆ ಆ ಪಾತ್ರೆಯಲ್ಲಿ ಮೀನು ಬಿಟ್ಟಾಗ ಮಗನಿಗೆ ಸುಮಾರು ಹನ್ನೊಂದು ವರ್ಷ. ಅವನ ಹೆಸರೂ ರಾಬರ್ಟ್ ವಾರಿಂಗ್‌ಟನ್ನೇ. ಅಪಾಥಿಕರೀಸ್ ಹಾಲಿನಲ್ಲಿ, ತಂದೆಯ ಪ್ರಯೋಗಶಾಲೆಯಲ್ಲಿಯೇ ರಸಾಯನಶಾಸ್ತ್ರ ಕಲಿತ ಹುಡುಗ. ಮುಂದೆ ಲಂಡನ್ನಿನ ಉತ್ತರಕ್ಕಿರುವ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾಲಯ ಸೇರಿದ. ತಂದೆ 1867ರಲ್ಲಿ ತೀರಿಕೊಂಡ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಮರಳು ಮತ್ತು ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯ ಮೂಲಕ ಅವರು ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಮೊದಲ ಇಪ್ಪತ್ತು ದಿನ ಏನೂ ಆಗಲಿಲ್ಲ. ನೀರಿನಲ್ಲಿದ್ದ ಅಮೋನಿಯ ಹಾಗೆಯೇ ಹೊರಬಂತು. ಆಮೇಲೆ ಅಮೋನಿಯ ಮಾಯವಾಗಿ ಅದರ ಬದಲು ನೈಟ್ರೇಟ್ ಬರತೊಡಗಿತು. ಕೊಳವೆಗೆ ಕ್ಲೋರೋಫಾರಂ ಹಾಯಿಸಿದಾಗ ಕೆಲಸ ನಿಂತುಹೋಯಿತು. ಕ್ಲೋರೋಫಾರಂ ತೆಗೆದ ಮೇಲೂ ಅದು ತಾನಾಗಿ ಮತ್ತೆ ಶುರುವಾಗಲಿಲ್ಲ. ಸ್ವಲ್ಪ ತೋಟದ ಮಣ್ಣನ್ನು ನೀರಿನಲ್ಲಿ ಕದಡಿ ಹಾಕಿದ ಮೇಲೆ ಮತ್ತೆ ಆರಂಭವಾಯಿತು. ಅಂದರೆ ಇದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕೆಲಸ.

ನಮ್ಮ ತಾಯಂದಿರಿಗೆ ಈ ಪ್ರಯೋಗವನ್ನು ವಿವರಿಸಬೇಕಾಗಿಯೇ ಇಲ್ಲ. ಕಾಯಿಸಿದ ಹಾಲನ್ನು ಎಷ್ಟು ಹೊತ್ತು ಇಟ್ಟರೂ ಅದು ಒಳ್ಳೆಯ ಮೊಸರಾಗುವುದಿಲ್ಲ. ಒಂದು ಚಮಚ ಹೆಪ್ಪು ಬೇಕು. ಆ ತೋಟದ ಮಣ್ಣು ಅಲ್ಲಿ ಹೆಪ್ಪಾಗಿತ್ತು.

ಮಗ ವಾರಿಂಗ್‌ಟನ್ ಮರುವರ್ಷದಿಂದಲೇ ಈ ವಿಷಯಕ್ಕೆ ಕೈಹಾಕಿ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಅದರ ಬೆನ್ನು ಹತ್ತಿದ. ಈ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ ಎಂದು ತೋರಿಸಿದ: ಒಂದು ಬಗೆಯ ಜೀವಿ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಬೆಳಕಿನಲ್ಲಿ ಈ ಕೆಲಸ ಕುಂಠಿತವಾಗುತ್ತದೆ, ಕತ್ತಲೆಯಲ್ಲಿ ಚೆನ್ನಾಗಿ ಸಾಗುತ್ತದೆ ಎಂದೂ ಕಂಡುಕೊಂಡ. ತಂದೆಯ ಗಿಡಕ್ಕೆ ಬೆಳಕು ಬೇಕು, ಮಗನ ಜೀವಿಗಳಿಗೆ ಕತ್ತಲೆ ಬೇಕು! ಆದರೆ ಆ ಜೀವಿಗಳನ್ನು ಬೇರೆಯಾಗಿ ಹಿಡಿದಿಡುವ ಯಶಸ್ಸು ಮೊದಲು ಸಿಕ್ಕಿದ್ದು ಆತನಿಗಲ್ಲ. 1890ರಲ್ಲಿ ಸೆರ್ಗೆಯ್ ವಿನೊಗ್ರಾಡ್ಸ್ಕಿ ಎಂಬ ರಷ್ಯದ ವಿಜ್ಞಾನಿ ಅದನ್ನು ಸಾಧಿಸಿದ.

ತಂದೆಯ ಗಾಜಿನ ಪಾತ್ರೆಯನ್ನು ನೋಡಿಯೇ ಮಗನಿಗೆ ಇದೆಲ್ಲ ಹೊಳೆಯಿತು ಎಂದು ನಾನು ಹೇಳಲಾರೆ. ಆತ ಅಲ್ಲಿಗೆ ತಲುಪಿದ್ದು ಹೊಲದ ಗೊಬ್ಬರದ ದಾರಿಯಿಂದ. ಆದರೂ ಯೋಚಿಸಿ ನೋಡಿ. ತಂದೆಯ ಪಾತ್ರೆಯ ತಳದಲ್ಲಿದ್ದ ಆ ಮರಳು ಕೆಸರಿನಲ್ಲಿ ಇದೇ ಜೀವಿಗಳು ಕೆಲಸ ಮಾಡುತ್ತಿದ್ದಿರಬೇಕು. ಬಸವನಹುಳು ಕೊಳೆತ ಎಲೆಯನ್ನು ತಿಂದಿತು, ನಿಜ. ಆದರೆ ಹುಳುವಿನ ಮತ್ತು ಮೀನಿನ ಹೊಲಸಿನಿಂದ ಬಂದ ಅಮೋನಿಯವನ್ನು ತಿಂದವರು ಯಾರು? ಗಿಡ ಒಂದಿಷ್ಟು ಹೀರಿತು, ಉಳಿದದ್ದನ್ನು ಈ ಕಾಣದ ಕೆಲಸಗಾರರು ನೋಡಿಕೊಂಡರು. ತಂದೆ ಕಣ್ಣಿಗೆ ಕಾಣುವ ಜಾಡಮಾಲಿಯನ್ನು ಗುರುತಿಸಿದ. ಕಾಣದ ಜಾಡಮಾಲಿಯ ಲೆಕ್ಕ ಮಗನ ಪಾಲಿಗೆ ಬಂತು.

ನಾನು ಮಾಡಿದ ತಪ್ಪು

ಇಷ್ಟು ಓದಿದ ಮೇಲೆ ನನ್ನ ಮೀನುಗಳು ಸತ್ತದ್ದೇಕೆ ಎಂದು ನನಗೆ ಅರ್ಥವಾಯಿತು. ಆ ಕಂದು ಬಣ್ಣದ ಸ್ಪಂಜು ಕೊಳಕಾಗಿರಲಿಲ್ಲ, ಅದು ಹೆಪ್ಪು. ಜಲ್ಲಿಯ ಮೇಲಿನ ಲೋಳೆಯೂ ಅದೇ. ನಾನು ಒಂದನ್ನು ಕುದಿಯುವ ನೀರಿನಿಂದ, ಇನ್ನೊಂದನ್ನು ಕ್ಲೋರಿನ್ ಇರುವ ನಲ್ಲಿ ನೀರಿನಿಂದ ಹಾಳುಮಾಡಿದೆ. ಮೀನುಗಳು ತಮ್ಮದೇ ಅಮೋನಿಯದಲ್ಲಿ ಸಿಕ್ಕಿಕೊಂಡವು. ಕೆಟಲಿನ ತಳದಲ್ಲಿ ಬಿಳಿಯ ಚಕ್ಕೆ ಕಟ್ಟುವ ನಮ್ಮ ಲಂಡನ್ನಿನ ಗಡಸು ನೀರು ಕ್ಷಾರಗುಣದ್ದು. ಅಂಥ ನೀರಿನಲ್ಲಿ ಅಮೋನಿಯದ ವಿಷ ಇನ್ನೂ ಹೆಚ್ಚು.

ನನ್ನೊಬ್ಬನದೇ ಅಜ್ಞಾನವಲ್ಲ ಎಂಬುದು ಸಣ್ಣ ಸಮಾಧಾನ. ಮಗ ವಾರಿಂಗ್‌ಟನ್ ಕಂಡದ್ದು ಮೀನು ಸಾಕುವವರ ಕಿವಿಗೆ ಸರಿಯಾಗಿ ಬೀಳಲು ದಶಕಗಳೇ ಹಿಡಿದವು. 'ಸಮತೋಲದ ತೊಟ್ಟಿ' ಎಂಬುದೊಂದು ಕಟ್ಟುಕಥೆ ಎಂದು ಅಮೆರಿಕದ ಜೇಮ್ಸ್ ಆಟ್ಸ್ 1949ರಲ್ಲಿ ಬರೆಯಬೇಕಾಯಿತು. ಮೀನಿಗೆ ಬೇಕಾದ ಆಮ್ಲಜನಕದ ವಿಷಯದಲ್ಲಿ ನೀರಿನ ಮೇಲ್ಮೈ ಗಾಳಿಗೆ ತೆರೆದುಕೊಂಡಿರುವುದೇ ಮುಖ್ಯ, ರಾತ್ರಿ ಗಿಡವೂ ಆಮ್ಲಜನಕವನ್ನು ಬಳಸುತ್ತದೆ ಎಂದು ಜನರಿಗೆ ತಿಳಿಹೇಳಬೇಕಾಯಿತು. ಇನ್ನು ತೊಟ್ಟಿಯಲ್ಲಿ ನೈಟ್ರೈಟನ್ನು ಅರಗಿಸುವ ಮುಖ್ಯ ಜೀವಿ ನಾವಂದುಕೊಂಡಿದ್ದ ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರಾ ಎಂಬುದು 1998ರಲ್ಲಿ ಪ್ರಕಟವಾಯಿತು. ಎರಡೂ ಹಂತದ ಕೆಲಸವನ್ನು ಒಂದೇ ಜೀವಿ ಮಾಡಬಲ್ಲದು ಎಂದು 2015ರಲ್ಲಿ ತಿಳಿಯಿತು. ಅಂಥ ಜೀವಿಗಳು ಸಿಕ್ಕ ಜಾಗಗಳಲ್ಲಿ ಮೀನು ಸಾಕುವ ನೀರನ್ನು ಸೋಸುವ ಯಂತ್ರವೂ ಒಂದು!

ಗಿಡಗಳ ತೊಟ್ಟಿಗೆ ಮತ್ತೆ ಮರ್ಯಾದೆ ತಂದವನು ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ. 1992ರಲ್ಲಿ ಬಂದ ಆತನ ಪುಸ್ತಕದ ಚಿತ್ರಗಳಲ್ಲಿ ಗಾಜಿನೊಳಗೆ ಇಡೀ ಕಾಡು, ಹುಲ್ಲುಗಾವಲು ಕಾಣುತ್ತವೆ. ಆ ಸೊಬಗಿನ ಹಿಂದೆ ಕತ್ತರಿಯೂ ಇದೆ, ತಪ್ಪದೆ ನೀರು ಬದಲಾಯಿಸುವ ಕೈಯೂ ಇದೆ. ಪಾಚಿ ತಿನ್ನಲು ಆತ ಪುಟ್ಟ ಸಿಗಡಿಗಳನ್ನು ಬಿಟ್ಟ; ಅವುಗಳಿಗೆ ಈಗ ಆತನದೇ ಹೆಸರು. ವಾರಿಂಗ್‌ಟನ್‌ನ ಬಸವನಹುಳುವಿನ ಕೆಲಸವೇ ಅದು.

ಈಗ ನಮ್ಮ ಮನೆಯ ಕ್ರಮ ಹೀಗಿದೆ. ಭಾನುವಾರ ಬೆಳಿಗ್ಗೆ ತೊಟ್ಟಿಯ ನಾಲ್ಕನೇ ಒಂದು ಭಾಗದಷ್ಟು ನೀರನ್ನು ಮಾತ್ರ ರಬ್ಬರ್ ನಳಿಗೆಯಿಂದ ಬಕೆಟ್ಟಿಗೆ ಇಳಿಸುತ್ತೇವೆ. ನಳಿಗೆಯ ಬಾಯನ್ನು ಜಲ್ಲಿಯ ಮೇಲೆ ಆಡಿಸಿದರೆ ಕಸ ತಾನಾಗಿ ಏಳುತ್ತದೆ, ಗಿಡದ ಬೇರಿನ ಹತ್ತಿರ ಕೆದಕುವುದಿಲ್ಲ. ಹಳದಿಯಾದ ಎಲೆಗಳನ್ನು ಕತ್ತರಿಸಿ ತೆಗೆಯುತ್ತೇವೆ. ಗಾಜಿನ ಮುಂಭಾಗದ ಪಾಚಿಯನ್ನು ಒರೆಸಿ, ಹಿಂಭಾಗದ್ದನ್ನು ಹುಳುಗಳಿಗೆ ಬಿಡುತ್ತೇವೆ. ಸ್ಪಂಜು ತೀರ ಕಟ್ಟಿಕೊಂಡಾಗ ಮಾತ್ರ, ಬಕೆಟ್ಟಿಗೆ ಇಳಿಸಿದ ತೊಟ್ಟಿಯ ನೀರಿನಲ್ಲೇ ಎರಡು ಸಲ ಅದ್ದಿ ಹಿಂಡುತ್ತೇವೆ, ನಲ್ಲಿಯ ಕೆಳಗೆ ಎಂದಿಗೂ ಇಲ್ಲ. ಜಲ್ಲಿ ಮತ್ತು ಸ್ಪಂಜು ಎರಡನ್ನೂ ಒಂದೇ ದಿನ ಮುಟ್ಟುವುದಿಲ್ಲ. ಹೊಸ ನೀರಿನ ಕ್ಲೋರಿನ್ ತೆಗೆದು, ಬಿಸಿ ಸರಿಹೊಂದಿಸಿ, ನಿಧಾನವಾಗಿ ಸುರಿಯುತ್ತೇವೆ. ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಇಷ್ಟೆಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ಬಕೆಟ್ಟಿನ ಆ ನೀರನ್ನು ನನ್ನ ಶ್ರೀಮತಿ ಚೆಲ್ಲಲು ಬಿಡುವುದಿಲ್ಲ. ಅದರಲ್ಲಿ ನೈಟ್ರೇಟ್ ಇದೆಯಲ್ಲ, ಅದು ಗಿಡಕ್ಕೆ ಗೊಬ್ಬರ. ಕಿಟಕಿಯ ಬಳಿಯ ಕರಿಬೇವಿನ ಗಿಡ ಈ ಮೂರು ವರ್ಷ ಇಲ್ಲಿಯ ಚಳಿಗಾಲವನ್ನು ದಾಟಿರುವುದಕ್ಕೆ ಅದೇ ಕಾರಣ ಎಂಬುದು ಅವಳ ವಾದ.

ಮೀನುಗಳು ಸತ್ತ ಮೇಲೆ ತೊಟ್ಟಿಯನ್ನು ಮತ್ತೆ ಹೇಗೆ ಶುರುಮಾಡಿದಿರಿ ಎಂದು ನೀವು ಕೇಳಬಹುದು. ಉಳಿದ ಎರಡು ಮೀನುಗಳನ್ನು ಉಳಿಸಿಕೊಳ್ಳಲು ದಿನವೂ ಸ್ವಲ್ಪ ಸ್ವಲ್ಪ ನೀರು ಬದಲಾಯಿಸುತ್ತಿದ್ದೆ. ಅಷ್ಟರಲ್ಲಿ ನಮ್ಮ ಸಂಘದ ಸ್ನೇಹಿತರೊಬ್ಬರ ಮನೆಯಲ್ಲಿ ವರ್ಷಗಳಿಂದ ರೋಗರುಜಿನವಿಲ್ಲದೆ ನಡೆಯುತ್ತಿದ್ದ ತೊಟ್ಟಿ ಇರುವುದು ನೆನಪಾಯಿತು. ಅವರಿಂದ ಒಂದು ಹಿಡಿ ಜಲ್ಲಿಯನ್ನೂ ಅರ್ಧ ತುಂಡು ಹಳೆಯ ಸ್ಪಂಜನ್ನೂ ಒದ್ದೆಯಾಗಿಯೇ ಡಬ್ಬಿಯಲ್ಲಿಟ್ಟುಕೊಂಡು ಟ್ಯೂಬ್ ರೈಲಿನಲ್ಲಿ ತಂದೆ. ಊರಿನಲ್ಲಿ ಚಿಕ್ಕಂದಿನಲ್ಲಿ ಪಕ್ಕದ ಮನೆಗೆ ಲೋಟ ಹಿಡಿದುಕೊಂಡು ಹೋಗಿ "ಹೆಪ್ಪಿಗೆ ಸ್ವಲ್ಪ ಮೊಸರು ಕೊಡಬೇಕಂತೆ" ಎಂದು ಕೇಳುತ್ತಿದ್ದುದು ಆಗ ನೆನಪಾಗದೆ ಇರಲಿಲ್ಲ. ಆ ಎರಡು ಮೀನುಗಳು ಉಳಿದವು. ಈಗ ಭಾನುವಾರದ ಬಕೆಟ್ಟು ಮಗಳದೇ ಜವಾಬ್ದಾರಿ. ಸ್ಪಂಜಿನ ಹತ್ತಿರ ಮಾತ್ರ ನನ್ನನ್ನು ಬಿಡುವುದಿಲ್ಲ.

ನಮ್ಮ ಬಳಗದಲ್ಲಿ ಯಾರಾದರೂ ಹೊಸದಾಗಿ ತೊಟ್ಟಿ ಇಡುವವರಿದ್ದರೆ ಸಂಕೋಚಪಡಬೇಡಿ. ಯುಗಾದಿ ಕೂಟಕ್ಕೆ ಬರುವಾಗ ಮುಚ್ಚಳವಿರುವ ಒಂದು ಡಬ್ಬಿ ತನ್ನಿ. ಹೆಪ್ಪು ನಾವು ಕೊಡುತ್ತೇವೆ.